ಹದಿನಾಲ್ಕು ತಿಂಗಳ ಪೆನ್ ಟ್ಯಾಬ್ಲೆಟ್: ಹಲಸಿನ ಬೀಜದಿಂದ ದೋಸೆಯವರೆಗೆ

ಬಾಕ್ಸಿನ ಮೇಲೆ ಏನೇನು ಬರೆದಿದೆ ಅಂತ ನಾನು ಮತ್ತೆ ಬರೆಯುವುದಿಲ್ಲ. ಪ್ರೆಶರ್ ಲೆವೆಲ್ ಎಷ್ಟು ಸಾವಿರ, ಬಟನ್ ಎಷ್ಟು, ಎಲ್ಲ ನೀವು ನೋಡಿಯೇ ಇಲ್ಲಿಗೆ ಬಂದಿರುತ್ತೀರಿ. ಇದು ಸ್ಕ್ರೀನ್ ಇಲ್ಲದ, ಸ್ಲೇಟಿನಂಥ ಸಣ್ಣ ಪೆನ್ ಟ್ಯಾಬ್ಲೆಟ್. ಇದರ ಮೇಲೆ ಗೀಚಿದರೆ ಎದುರಿನ ಮಾನಿಟರಿನಲ್ಲಿ ಗೆರೆ ಬರುತ್ತದೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 3,200 ರೂಪಾಯಿ ಕೊಟ್ಟು ತಂದೆ. ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಮೊದಲ ಎರಡು ತಿಂಗಳು ಇದನ್ನು ಬಾಲ್ಕನಿಯಿಂದ ಆಚೆ ಎಸೆದುಬಿಡೋಣ ಅನ್ನಿಸುತ್ತಿತ್ತು. ಕಾರಣ ಒಂದೇ. ಇದರಲ್ಲಿ ನನಗೆ ಒಂದು ಸೊನ್ನೆ ಸುತ್ತಲು ಬರುತ್ತಿರಲಿಲ್ಲ.

ಸೊನ್ನೆ ಸುತ್ತಲು ಬಾರದಿದ್ದರೆ ಕನ್ನಡದವರಿಗೆ ಏನು ಉಳಿಯಿತು ಹೇಳಿ. ನಮ್ಮ ಅಕ್ಷರಗಳೆಲ್ಲ ಸೊನ್ನೆಯ ನೆಂಟರೇ ಅಲ್ವಾ.

ವಾರವಿಡೀ ನಾನು ಠಾಣೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ಲು ಬರೆಯುತ್ತೇನೆ. ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ದಾದರಿನಲ್ಲಿ ಒಂದು ಗ್ರಾಫಿಕ್ಸ್ ಕೋರ್ಸಿಗೆ ಸೇರಿಕೊಂಡೆ. ಏನೂ ಗೊತ್ತಿಲ್ಲದವರಿಗಾಗಿಯೇ ಇರುವ ಕೋರ್ಸು, ಆರು ತಿಂಗಳು, ಐದು ಪ್ರಾಜೆಕ್ಟ್. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಡೊಂಬಿವಲಿಯ ಮನೆಗೆ ಬಂದು ಚಪ್ಪಲಿ ಬಿಡುವಾಗ ರಾತ್ರಿ ಹನ್ನೆರಡಾಗಿರುತ್ತದೆ. ಹೋಟೆಲಿಗೆ ಹೊಸ ಬಿಲ್ಲಿಂಗ್ ಮೆಷಿನ್ ಬಂದಾಗ ಹಳೆಯ ಮಾನಿಟರನ್ನು ಧಣಿಗಳು ನಮಗೆ ಕೊಟ್ಟಿದ್ದರು. ಅಂಚಿನಲ್ಲಿ ಸಾಂಬಾರಿನ ಕಲೆ ಇನ್ನೂ ಇದೆ. ಈ ಮಾನಿಟರ್ ಕಥೆಯಲ್ಲಿ ಮುಖ್ಯ, ನೆನಪಿಟ್ಟುಕೊಳ್ಳಿ.

ಮೊದಲ ಪ್ರಾಜೆಕ್ಟ್ ಬರೀ ತ್ರಿಕೋನ, ಚೌಕ, ವೃತ್ತಗಳ ಪೋಸ್ಟರ್. ಮೌಸಿನಲ್ಲೇ ಮುಗಿಯಿತು. ಎರಡನೆಯದು ಲೋಗೋ. ಕ್ಲಾಸಿನಲ್ಲಿ ಎಲ್ಲರೂ ಕಾಫಿ ಶಾಪು, ಜಿಮ್ಮು ಅಂತ ಹೊರಟರು. ನಾನು ಕಾವಲಿಯ ಮೇಲಿನ ದೋಸೆ ಅಂದೆ. ಹಿಟ್ಟು ಹಾಕಿ ಸೌಟು ತಿರುಗಿಸುವಾಗ ನಡುವಿನಿಂದ ಹೊರಗೆ ಒಂದು ಸುರುಳಿ ಏಳುತ್ತದಲ್ಲ, ಅದೇ ಲೋಗೋ. ಆ ಸುರುಳಿ ಕೈಯಲ್ಲೇ ಬರಬೇಕು, ಕಂಪ್ಯೂಟರಿನ ಸುರುಳಿ ಹಾಕಿದರೆ ಸೊಳ್ಳೆಬತ್ತಿ ಆಗುತ್ತದೆ. ಹಾಗಾಗಿ ಟ್ಯಾಬ್ಲೆಟ್ ತಂದೆ.

ಸುತ್ತಿದೆ. ಉದ್ದವಾಯಿತು. ಮತ್ತೆ ಸುತ್ತಿದೆ. ಮತ್ತೂ ಉದ್ದವಾಯಿತು. ಅಪ್ಪ ಹಿಂದಿನಿಂದ ಬಂದು ನೋಡಿ, "ಇದೆಂತ ಮಗಾ, ದೋಸೆಯಾ ಹಲಸಿನ ಬೀಜವಾ?" ಅಂದರು.

ವಿಚಿತ್ರ ಏನೆಂದರೆ ಲ್ಯಾಬಿನಲ್ಲಿ ಇದೇ ಟ್ಯಾಬ್ಲೆಟ್ ಸಿಕ್ಕಿಸಿದರೆ ಹಲಸಿನ ಬೀಜ ಹೋಗಿ ಇಡ್ಲಿ ಬರುತ್ತಿತ್ತು. ಸ್ವಲ್ಪ ಚಪ್ಪಟೆ. ಮನೆಯಲ್ಲಿ ಬೀಜ, ದಾದರಿನಲ್ಲಿ ಇಡ್ಲಿ, ದೋಸೆ ಮಾತ್ರ ಎಲ್ಲೂ ಇಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ದಿನಾ ರಾತ್ರಿ ಅರ್ಧ ಗಂಟೆ ಬರೀ ಸೊನ್ನೆ ಸುತ್ತುವುದು, ಅಳಿಸುವುದು. ಕೊನೆಗೆ ಬೀಜವನ್ನೇ ಸಬ್ಮಿಟ್ ಮಾಡಿದೆ. ಸರ್ ಅದನ್ನು ನೋಡಿ "ಆರ್ಗ್ಯಾನಿಕ್ ಶೇಪ್, ಚೆನ್ನಾಗಿದೆ" ಅಂತ ಹತ್ತಕ್ಕೆ ಏಳು ಕೊಟ್ಟರು. ನನಗೆ ಹೊಟ್ಟೆ ಉರಿಯಿತು.

ಗುಟ್ಟು ಬಿಡಿಸಿದ್ದು ಅಪ್ಪ. ಒಂದು ರಾತ್ರಿ ಊಟ ಮುಗಿಸಿ ಮಜ್ಜಿಗೆ ಕುಡಿದ ಸ್ಟೀಲ್ ಲೋಟ ತೊಳೆದು, ಒರೆಸಿ, ತಂದು ಟ್ಯಾಬ್ಲೆಟ್ಟಿನ ಮೇಲೆ ಬೋರಲು ಹಾಕಿದರು. "ಇದರ ಸುತ್ತ ಗೀಚು ನೋಡುವ." ಲೋಟದ ಬಾಯಿಗೆ ಪೆನ್ನು ತಾಗಿಸಿಕೊಂಡೇ ಒಂದು ಸುತ್ತು ಬಂದೆ. ಲೋಟವಂತೂ ದುಂಡಗೇ ಇದೆ. ಸ್ಕ್ರೀನಿನಲ್ಲಿ ಹಲಸಿನ ಬೀಜ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆಯಲ್ಲ, ನನ್ನ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು.

ಸಂಗತಿ ಇಷ್ಟು. ಟ್ಯಾಬ್ಲೆಟ್ಟಿನ ಬರೆಯುವ ಜಾಗ 16:10 ಅಳತೆಯದು. ಹೋಟೆಲಿನ ಹಳೆಯ ಮಾನಿಟರ್ 1280 ಚುಕ್ಕೆ ಅಡ್ಡ, 1024 ಚುಕ್ಕೆ ಉದ್ದ, ಅಂದರೆ 5:4. ಅಗಲವಾದ ಟ್ಯಾಬ್ಲೆಟ್ಟನ್ನು ಆ ಚೌಕದಂಥ ಸ್ಕ್ರೀನಿಗೆ ಮೂಲೆಯಿಂದ ಮೂಲೆಗೆ ಹೊಂದಿಸಿದರೆ ಅಡ್ಡಗೆರೆ ಕುಗ್ಗುತ್ತದೆ, ಉದ್ದಗೆರೆ ಹಿಗ್ಗುತ್ತದೆ. ಲ್ಯಾಬಿನ ಮಾನಿಟರ್ 16:9, ಇನ್ನೂ ಅಗಲ. ಅಲ್ಲಿ ಉಲ್ಟಾ, ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಇಡ್ಲಿ! ಟ್ಯಾಬ್ಲೆಟ್ಟಿಗಾಗಿ ಕಂಪ್ಯೂಟರಿಗೆ ಹಾಕುವ ಸಾಫ್ಟ್‌ವೇರ್, ಅಂದರೆ ಡ್ರೈವರಿನ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆಂದೇ ಟಿಕ್ ಹಾಕುವ ಒಂದು ಚೌಕ ಇದೆ. ನನ್ನದರಲ್ಲಿ ‘ಫೋರ್ಸ್ ಪ್ರಪೋರ್ಶನ್ಸ್’ ಅಂತ ಇತ್ತು, ನಿಮ್ಮದರಲ್ಲಿ ಹೆಸರು ಬೇರೆ ಇರಬಹುದು, ಹುಡುಕಿ. ಟಿಕ್ ಹಾಕಿದೆ. ಲೋಟದ ಸುತ್ತ ಮತ್ತೆ ಸುತ್ತಿದೆ. ದೋಸೆ ಬಂತು. ಎರಡು ತಿಂಗಳು! ಈ ಮಾತನ್ನು ಬಾಕ್ಸಿನಲ್ಲಿದ್ದ ಹಾಳೆಯಲ್ಲಿ ಒಂದು ಸಾಲು ಬರೆಯಲು ಅವರಿಗೇನಾಗಿತ್ತು? ಅಷ್ಟೊಂದು ಭಾಷೆಗಳಲ್ಲಿ ‘ನೀರಿನಲ್ಲಿ ಮುಳುಗಿಸಬೇಡಿ’ ಅಂತ ಅಚ್ಚು ಹಾಕಿದ್ದಾರೆ.

ಟಿಕ್ ಹಾಕಿದ್ದಕ್ಕೆ ಒಂದು ದಂಡವೂ ಇದೆ. ಆರಿಂಚು ಅಗಲದಲ್ಲಿ ಹೆಚ್ಚುಕಡಿಮೆ ಒಂದೂಕಾಲು ಇಂಚು ಸತ್ತುಹೋಗುತ್ತದೆ. ಬಲಗಡೆಯ ಆ ಪಟ್ಟಿಯಲ್ಲಿ ಪೆನ್ನು ಆಡಿಸಿದರೆ ಏನೂ ಆಗುವುದಿಲ್ಲ. ಮೊದಮೊದಲು ದುಡ್ಡು ಕೊಟ್ಟ ಜಾಗ ಹಾಳಾಯಿತಲ್ಲ ಅಂತ ಸಂಕಟ. ಈಗ ಅಲ್ಲಿ ನನ್ನ ಚೀಟಿ, ನಿಬ್ ತೆಗೆಯುವ ಉಂಗುರ, ಎರಡು ಖಾರಿ ಬಿಸ್ಕೆಟ್ ಇರುತ್ತವೆ.

ಮೂರನೇ ಪ್ರಾಜೆಕ್ಟ್ ಫೋಟೋ ತಿದ್ದುವುದು, ಮಾಸ್ಕ್ ಹಾಕುವುದು, ಅಂದರೆ ಫೋಟೋದ ಬೇಡದ ಭಾಗ ಮರೆಮಾಡುವುದು. ಅದಕ್ಕೆ ಪೆನ್ನು ಬೆಣ್ಣೆಯಂತೆ ಕೆಲಸ ಮಾಡಿತು. ಅಷ್ಟು ಸಾಕು.

ನಾಲ್ಕನೆಯದು ಮೆನು ಕಾರ್ಡ್. ನಾನು ಅಪ್ಪನ ಹೋಟೆಲಿನ ಭಾನುವಾರದ ಸ್ಪೆಷಲ್ ಪಟ್ಟಿ ತಗೊಂಡೆ, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಲ್ಯಾಬಿನ ಕಂಪ್ಯೂಟರಿನಲ್ಲಿ ‘ಪತ್ರೊಡೆ’ ಅಂತ ಹೊಡೆದರೆ ‘ಪತ್‌ರೊಡೆ’ ಬಂತು. ‘ಕೊಟ್ಟೆ ಕಡುಬು’ ಹೋಗಿ ‘ಕೊಟ್‌ಟೆ ಕಡುಬು’. ‘ಉಪ್ಪಿಟ್ಟು’ ನೋಡುವ ಹಾಗೇ ಇರಲಿಲ್ಲ. ನಾವು ‘ತ್ರ’ ಅಂತ ಒಂದು ಅಕ್ಷರ ನೋಡಿದರೂ ಕಂಪ್ಯೂಟರಿನೊಳಗೆ ಅದು ಮೂರು ತುಂಡು: ತ, ಅರ್ಧಾಕ್ಷರದ ಗುರುತು, ರ. ಫಾಂಟ್ ಹೇಳಿದ ಹಾಗೆ ಅವನ್ನು ಸೇರಿಸಿ ಒತ್ತು ಮಾಡುವುದು ಸಾಫ್ಟ್‌ವೇರಿನ ಕೆಲಸ. ಲ್ಯಾಬಿನದು ಆ ಕೆಲಸ ಮಾಡುತ್ತಿರಲಿಲ್ಲ. "ಇಂಗ್ಲಿಷಿನಲ್ಲೇ ಮಾಡು, ಡೇಟ್ ಹತ್ತಿರ ಬಂತು" ಅಂದರು ಸರ್. ಅವರ ತಪ್ಪೂ ಅಲ್ಲ ಬಿಡಿ, ಅವರಿಗೆ ಒಡೆದ ಒತ್ತಕ್ಷರಕ್ಕೂ ಕೂಡಿದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ದಕ್ಷಿಣ ಏಷ್ಯಾದ ಲಿಪಿಗಳಿಗೆ ಅಂತ ಅಲ್ಲೂ ಒಂದು ಆಯ್ಕೆ ಇತ್ತು, ಪ್ರಿಫರೆನ್ಸಸ್‌ನ ಒಳಗೆ ಹೂತುಕೊಂಡಿತ್ತು. ಅದು ಗೊತ್ತಾಗಿದ್ದು ಕೋರ್ಸ್ ಮುಗಿದ ಮೇಲೆ. ಮೆನು ಮಾಡುವ ಹೊತ್ತಿಗೆ ನಾನು ಮನೆಯಲ್ಲಿ ಇಂಕ್‌ಸ್ಕೇಪ್ ಹಾಕಿಕೊಂಡೆ. 2003ರಿಂದ ಇರುವ, ಕಾಸು ಕೇಳದ ಸಾಫ್ಟ್‌ವೇರ್. ಅದರಲ್ಲಿ ಒತ್ತು ಮೊದಲ ಸಲಕ್ಕೇ ಸರಿಯಾಗಿ ಕೂತಿತು.

ಆದರೆ ಅಷ್ಟರಲ್ಲಿ ನನಗೆ ಬೇರೆ ಹುಚ್ಚು ಹಿಡಿದಿತ್ತು. ಹೇಗೂ ಪೆನ್ನು ಇದೆ, ಸೊನ್ನೆಯೂ ದುಂಡಗೆ ಬರುತ್ತಿದೆ, ಅಕ್ಷರವನ್ನೇ ಬರೆದುಬಿಟ್ಟರೆ?

ಇಲ್ಲಿಂದ ಈ ಟ್ಯಾಬ್ಲೆಟ್ಟಿನ ಮೇಲಿನ ನನ್ನ ಸಿಟ್ಟು ಇಳಿಯಿತು. ದಿನದ ಕ್ರಮ ಹೇಳುತ್ತೇನೆ. ಹತ್ತೂವರೆಗೆ ಪಾತ್ರೆ ಮುಗಿಸಿ, ಕೈಯನ್ನು ಸೋಪು ಹಾಕಿ ತೊಳೆಯಬೇಕು, ತಲೆಗೆ ಎಣ್ಣೆ ಹಚ್ಚಿದ ಕೈ ಇಟ್ಟರೆ ಪೆನ್ನು ಜಾರುತ್ತದೆ. ಅಪ್ಪನ ಹಳೆಯ ಬನಿಯನ್ ತುಂಡು ಒದ್ದೆ ಮಾಡಿ ಹಿಂಡಿ ಸ್ಲೇಟು ಒರೆಸುವುದು. ಆಮೇಲೆ ಕಾಲುಚೀಲ. ತಮ್ಮನ ಶಾಲೆಯ ಬಿಳಿ ಕಾಲುಚೀಲದ ತುದಿ ಕತ್ತರಿಸಿ, ಕಿರುಬೆರಳು ಉಂಗುರಬೆರಳಿಗೆ ಮಾತ್ರ ಬರುವ ಹಾಗೆ ಹೊಲಿದಿದ್ದೇನೆ. ಮುಂಬೈಯ ಜುಲೈ ತಿಂಗಳಲ್ಲಿ ಅಂಗೈ ಬೆವರಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಗೆರೆ ಅರ್ಧಕ್ಕೆ ನಿಲ್ಲುತ್ತದೆ. ಕಾಲುಚೀಲ ಹಾಕಿದರೆ ಕೈ ಸರ್ರನೆ ಜಾರುತ್ತದೆ. ಅಂಗಡಿಯಲ್ಲಿ ಇದಕ್ಕೆಂದೇ ಗ್ಲೌಸ್ ಸಿಗುತ್ತದೆ, ಸುಮ್ನೆ ದುಡ್ಡು ದಂಡ.

ಸ್ಕ್ರೀನಿನಲ್ಲಿ ಕೆಳಗಿನ ಲೇಯರಿಗೆ, ಅಂದರೆ ಪದರಕ್ಕೆ, ಬಾಲೂ ತಮ್ಮ ಫಾಂಟಿನಲ್ಲಿ ‘ಪತ್ರೊಡೆ’ ಅಂತ ಹಾಕಿ ಮಸುಕು ಮಾಡುತ್ತೇನೆ. ದುಂಡುದುಂಡಗೆ ಹೊಟ್ಟೆ ಬಿಟ್ಟ ಫಾಂಟು ಅದು, ಪುಕ್ಕಟೆ ಸಿಗುತ್ತದೆ. ಮಾಡಿದವರು ನಮ್ಮ ಮುಂಬೈಯ ಏಕ್ ಟೈಪ್‌ನವರೇ, ಕನ್ನಡದ್ದಕ್ಕೆ ‘ತಮ್ಮ’ ಅಂತ ಹೆಸರಿಟ್ಟಿದ್ದು ನನಗೆ ಬಹಳ ಇಷ್ಟವಾಯಿತು. ಅದರ ಮೇಲಿನ ಲೇಯರಿನಲ್ಲಿ ನನ್ನ ಅಕ್ಷರ. ಮೊದಲು ಫಾಂಟಿನ ಗೆರೆ ಹಿಡಿದೇ ಹೋಗುವುದು, ನಾಲ್ಕನೇ ಸಲಕ್ಕೆ ಅದನ್ನು ಮರೆಮಾಡುವುದು. ಒತ್ತಿದರೆ ಗೆರೆ ದಪ್ಪ, ಬಿಟ್ಟರೆ ತೆಳು. ತಲೆಕಟ್ಟು ಶುರುವಾಗುವಲ್ಲಿ ಒತ್ತಿ, ತುದಿಯಲ್ಲಿ ಬಿಡಬೇಕು. ಕಷ್ಟವೆಲ್ಲ ಕ್ರಾವಡಿಯದು, ಅಂದರೆ ‘ತ್ರ’ದಲ್ಲಿರುವ ರ-ಒತ್ತಿನದು. ‘ತ’ದ ಬುಡದಿಂದ ಹೊರಟು ಒಂದೇ ಬೀಸಿನಲ್ಲಿ ಮುಗಿಯಬೇಕು, ನಡುವೆ ಯೋಚನೆ ಮಾಡಿದರೆ ಗೆರೆ ನಡುಗಿದ್ದು ಕಾಣುತ್ತದೆ. ಕಂಟ್ರೋಲ್-ಜೆಡ್ ಒತ್ತಿ ಆ ಗೆರೆ ಅಳಿಸುವುದು, ಮತ್ತೆ. ಒಂದು ಕ್ರಾವಡಿಗೆ ಮೂವತ್ತು ಸಲ. ಎರಡನೇ ಕ್ಲಾಸಿನಲ್ಲಿ ಕಾಪಿ ಬರೆಯಲು ಅತ್ತವಳು ನಾನು, ಇಲ್ಲಿ ಹನ್ನೆರಡಾದರೂ ಏಳಲು ಮನಸ್ಸಿಲ್ಲ.

ಹೊಸದೇನೂ ಅಲ್ಲ ಇದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲೇ ಬಂದದ್ದು. ಯಾರೋ ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಹೋಗುತ್ತಿತ್ತು. ಅವರಿಗೆ ಕಂಟ್ರೋಲ್-ಜೆಡ್ ಇರಲಿಲ್ಲ, ಪಾಪ.

ಮೆನು ಪ್ರಿಂಟಾಗಿ ಬಂದಾಗ ಬಾಳೆಎಲೆಯ ಹಸಿರು ಬಾಡಿದ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಸ್ಕ್ರೀನಿನಲ್ಲಿ ಬೆಳಕಿನಿಂದ ಆಗುವ (ಆರ್‌ಜಿಬಿ) ಹಸಿರು, ಪ್ರಿಂಟಿನ ನಾಲ್ಕು ಶಾಯಿಗಳಲ್ಲಿ (ಸಿಎಂವೈಕೆ) ಅಷ್ಟು ಹೊಳೆಯುವುದಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದ್ದರು, ನಾನು ಅವತ್ತು ಕ್ರಾವಡಿ ಬರೆಯುತ್ತಿದ್ದೆ. ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿತ್ತು. ಐದನೇ ಪ್ರಾಜೆಕ್ಟಿಗೂ ಅದೇ, ಚೌತಿಯ ಪೋಸ್ಟರ್, ಒಂದೂ ಫಾಂಟಿಲ್ಲ.

ಈಗ ದೂರು. ನಿಬ್ ಸವೆಯುತ್ತದೆ, ನನ್ನ ಬಳಕೆಗೆ ಎರಡೂವರೆ ತಿಂಗಳಿಗೆ ಒಂದು. ಒಂದು ಕಡೆ ಓರೆಯಾಗಿ ಉಳಿಯ ಮೂತಿಯಂತಾಗಿ ಸ್ಲೇಟನ್ನು ಗೀರಲು ಶುರುಮಾಡುತ್ತದೆ. ಓರೆಯಾದರೆ ಬಿದಿರಿನ ಕಡ್ಡಿಯ ಹಾಗೆ ದಪ್ಪ-ತೆಳು ಬರಬಹುದು ಅಂತ ಆಸೆಯಿಂದ ಬಿಟ್ಟು ನೋಡಿದೆ. ಬರುವುದಿಲ್ಲ, ಅದಕ್ಕೆ ಗೊತ್ತಾಗುವುದು ಒತ್ತಡ ಮಾತ್ರ. ಉಂಗುರದ ತೂತಿಗೆ ಸಿಕ್ಕಿಸಿ ಎಳೆದರೆ ಹಳೆಯದು ಬರುತ್ತದೆ, ಹೊಸದನ್ನು ಬೆರಳಲ್ಲಿ ಒತ್ತಿದರೆ ಆಯಿತು. ಇದು ದೊಡ್ಡ ವಿಷಯವಲ್ಲ.

ದೊಡ್ಡದು ಕೇಬಲ್ ಸಿಕ್ಕಿಸುವ ಜಾಗ. ಎಡ ಪಕ್ಕದಲ್ಲಿದೆ, ಬಹಳ ನಾಜೂಕು. ಆರು ತಿಂಗಳು ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಚೀಲದೊಳಗೆ ಅಮುಕಿಸಿಕೊಂಡು ಓಡಾಡಿದ್ದಕ್ಕೋ ಏನೋ, ಒಂಬತ್ತನೇ ತಿಂಗಳಿಗೆ ಸಡಿಲವಾಯಿತು. ಕೈ ಸ್ವಲ್ಪ ಅಲುಗಿದರೆ ಕನೆಕ್ಷನ್ ಹೋಗುತ್ತದೆ, ಅದೂ ಸರಿಯಾಗಿ ಕ್ರಾವಡಿಯ ನಡುವೆ. ಅಂಗಡಿಯವನು ತಿರುಗಿಸಿ ನೋಡಿ "ನಯಾ ಲೇ ಲೋ" ಅಂದ. ಹೊಸದಕ್ಕೆ ನನ್ನ ಹತ್ತಿರ ದುಡ್ಡಿಲ್ಲ. ಈಗ ಕೇಬಲನ್ನು ಮಡಚಿ ಎರಡು ರಬ್ಬರ್ ಬ್ಯಾಂಡ್ ಬಿಗಿದಿದ್ದೇನೆ, ಹೋಟೆಲಿನಲ್ಲಿ ಪಾರ್ಸೆಲ್ ಚಟ್ನಿ ಕಟ್ಟುವ ರಬ್ಬರ್ ಬ್ಯಾಂಡ್. ಅದರ ಮೇಲೇ ಐದು ತಿಂಗಳಿಂದ ನಡೆಯುತ್ತಿದೆ. ದಿನಾ ಹೊತ್ತು ತಿರುಗುವವರು ಕೇಬಲ್ ಇಲ್ಲದ ಮಾಡೆಲ್ ನೋಡಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಮನೆಯಲ್ಲೇ ಕೂತು ಬರೆಯುವವರಿಗೆ ಇದೇ ಧಾರಾಳ ಸಾಕು. ಫೋಟೋ ತಿದ್ದಲಿಕ್ಕೆ ಮಾತ್ರ ಅಂತಾದರೆ ಮೊದಲು ಮೌಸಿನಲ್ಲೇ ಒಂದು ತಿಂಗಳು ನೋಡಿ. ತಂದ ದಿನವೇ ಲೋಟ ಬೋರಲು ಹಾಕಿ ಒಂದು ಸುತ್ತು ಸುತ್ತಿ.

ನಿನ್ನೆ ರಾತ್ರಿ ಅಪ್ಪ ಇನ್ನೊಂದು ಕೆಲಸ ಕೊಟ್ಟಿದ್ದಾರೆ. ಗಲ್ಲೆಯ ಮುಂದೆ ತೂಗುಹಾಕಲು ‘ದಯವಿಟ್ಟು ಚಿಲ್ಲರೆ ಕೊಡಿ’ ಅಂತ ಬೋರ್ಡು. "ದೊಡ್ಡದಾಗಿ ಬರೆ ಮಗಾ, ಆದರೆ ಬೈದ ಹಾಗೆ ಕಾಣ್ಬಾರ್ದು." ‘ಲ್ಲ’ದ ಒತ್ತು ಇನ್ನೂ ಸಿಡುಕಿದ ಹಾಗೇ ಕಾಣುತ್ತಿದೆ. ಇವತ್ತು ರಾತ್ರಿ ಮತ್ತೆ ಬರೆಯಬೇಕು.