ಪಾತ್ರೆ ತೊಳೆಯುವ ಲಿಕ್ವಿಡ್, 5 ಲೀಟರ್ ಕ್ಯಾನ್: ಎರಡು ವರ್ಷ ಬಳಸಿದ ಮೇಲೆ

ಕೊಪ್ಪಳದಲ್ಲಿ ನಮ್ಮದು ಸಣ್ಣ ಖಾನಾವಳಿ. ದಿನಕ್ಕೆ ನೂರಿಪ್ಪತ್ತು ತಟ್ಟೆ, ಜೊತೆಗೆ ಎಣ್ಣೆಗಾಯಿ ಮಾಡಿದ ದೊಡ್ಡ ಬೋಗುಣಿಗಳು. ಜಿಡ್ಡು ತೆಗೆಯುವುದರಲ್ಲಿ ಈ ಲಿಕ್ವಿಡ್‌ಗೆ ಎದುರಿಲ್ಲ. ನಮ್ಮ ಬೋರ್ ನೀರು ಸವಳು. ಸಾಬೂನು ಹಚ್ಚಿದರೆ ನೊರೆ ಬರುವ ಬದಲು ಬಿಳಿ ಗಸಿ ಕೂರುತ್ತದೆ. ಇದು ಅದೇ ನೀರಲ್ಲೂ ನೊರೆ ಕೊಡುತ್ತದೆ. ರೇಟೂ ಕಡಿಮೆ.

ತಕರಾರು ಇರುವುದು ಕೈಯದ್ದು. ಮೂರನೇ ತಿಂಗಳಿಗೆ ಪಾತ್ರೆ ತಿಕ್ಕುವಾಕೆ, “ಕೈ ಉರೀತಾವ್ರಿ ಅಕ್ಕಾರ, ಖಾರ ಮುಟ್ಟಾಕ ಆಗವಲ್ದು” ಎಂದಳು. ನೋಡಿದರೆ ಅಂಗೈ ಚೆನ್ನಾಗಿದೆ, ಬೆರಳ ಸಂದಿಯೆಲ್ಲ ಒಡೆದಿದೆ. ನನಗೆ ಹೊಳೆದದ್ದು ಒಂದೇ ಉಪಾಯ, ಮೂರು ಪಾಲು ನೀರು ಬೆರೆಸಿದೆ. ಖರ್ಚು ಇಳಿಯಿತು, ಉರಿ ಇಳಿಯಲಿಲ್ಲ.

ಕಾರಣ ಬಿಡಿಸಿ ಹೇಳಿದ್ದು ಕೆಮಿಸ್ಟ್ರಿ ಓದಿದ ನನ್ನ ಮಗಳು. ಜಿಡ್ಡು ಹಿಡಿಯುವ ಅಣುವಿಗೆ ಎಣ್ಣೆ ಬಯಸುವ ಬಾಲ, ನೀರು ಬಯಸುವ ತಲೆ. ನೀರಲ್ಲಿ ಅವು ಜಾಸ್ತಿಯಾದರೆ ಬಾಲ ಒಳಗಿಟ್ಟು ಗುಂಪು ಕಟ್ಟುತ್ತವೆ. ಅದೇ ಮಿಸೆಲ್. ಎಸ್‌ಎಲ್‌ಎಸ್ (ಸೋಡಿಯಂ ಲಾರಿಲ್ ಸಲ್ಫೇಟ್, ಇಂಥ ಜಿಡ್ಡು ಹಿಡಿಯುವ ಒಂದು ರಾಸಾಯನಿಕ) ಆದರೆ ಬರೀ ನೀರಲ್ಲಿ ಸುಮಾರು ಶೇ 0.23 ಇದ್ದರೂ ಸಾಕು, ಗುಂಪು ಶುರು. ಅಲ್ಲಿಂದ ಮುಂದೆ ಎಷ್ಟು ಸುರಿದರೂ ಒಂಟಿ ಅಣುಗಳು ಹೆಚ್ಚೇನೂ ಏರುವುದಿಲ್ಲ. ಚರ್ಮಕ್ಕೆ ನುಸುಳುವುದರಲ್ಲಿ ಈ ಒಂಟಿಗಳದ್ದೇ ಕಾರುಬಾರು (ಸಣ್ಣ ಮಿಸೆಲ್‌ಗಳೂ ತೂರುತ್ತವೆ ಎನ್ನುವ ವಿಜ್ಞಾನಿಗಳಿದ್ದಾರೆ). ನೀರು ಬೆರೆಸಿದ ಮೇಲೂ ಲಿಕ್ವಿಡ್ ಗುಂಪು ಕಟ್ಟುವ ಮಿತಿಗಿಂತ ಗಟ್ಟಿಯೇ ಇತ್ತು, ಹಾಗಾಗಿ ನನ್ನ ಮೂರು ಪಾಲು ನೀರಿಗೆ ಅವು ಕ್ಯಾರೇ ಅನ್ನಲಿಲ್ಲ!

ಒಳಗೆ ಹೋದವು ಮೇಲ್ಪದರದ ಕೆರಾಟಿನ್ ಪ್ರೋಟೀನಿಗೆ ಅಂಟಿ ಅದನ್ನು ಉಬ್ಬಿಸುತ್ತವೆ. ತೊಳೆದರೂ ಸ್ವಲ್ಪ ಉಳಿಯುತ್ತದೆ. ಅಂಗೈಯಲ್ಲಿ ಆ ಪದರ ದಪ್ಪ, ಸಂದಿಯಲ್ಲಿ ತೆಳು. ಇನ್ನೊಂದು ಮಜಾ ಕೇಳಿ. ಪ್ರೋಟೀನಿಗೆ ಅಂಟುವ ಈ ಗುಣ ಅಳೆಯಲು ಬಳಸುವುದು ನಮ್ಮ ಹೊಲದಲ್ಲೂ ಬೆಳೆಯುವ ಮೆಕ್ಕೆಜೋಳದ ಪ್ರೋಟೀನು! ಝೀನ್ ಅಂತ ಹೆಸರು. ಸುಮ್ನೆ ನೀರಲ್ಲಿ ಕರಗುವುದಿಲ್ಲ. ಲಿಕ್ವಿಡ್ ಎಷ್ಟು ಖಾರವೋ ಅಷ್ಟು ಕರಗುತ್ತದೆ.

ಕ್ಯಾನ್ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ “ಆ್ಯಸಿಡ್ ಸ್ಲರಿ, ಕಾಸ್ಟಿಕ್, ಬಣ್ಣ, ವಾಸನೆ” ಎಂದರು. ಆ್ಯಸಿಡ್ ಸ್ಲರಿ ಅಂದರೆ ಕಾಸ್ಟಿಕ್ ಸೇರಿದಾಗ ಜಿಡ್ಡು ಹಿಡಿಯುವ ಅಣುವಾಗುವ ಆಮ್ಲ. ಬೀಟೇನ್ (ಚರ್ಮಕ್ಕೆ ಮೆತ್ತಗಿರುವ, ಜಿಡ್ಡು ಹಿಡಿಯುವ ಇನ್ನೊಂದು ಬಗೆ) ಹಾಕಿದ್ದರೆ ಎರಡೂ ಸೇರಿ ಗುಂಪು ಕಟ್ಟಿ, ಒಂಟಿಯಾಗಿ ತಿರುಗುವವು ಕಡಿಮೆಯಾಗುತ್ತಿದ್ದವು.

ಈಗ ಬೋಗುಣಿಗೆ ಮಾತ್ರ ಇದು, ಅದೂ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು. ತಟ್ಟೆಗೆ ಬೀಟೇನ್ ಇರುವ ಬೇರೆಯದು ತಂದಿದ್ದೇವೆ. ಬಿಸಿ ನೀರಲ್ಲಿ ನುಸುಳಾಟ ಜಾಸ್ತಿ ಅಂತ ಅದನ್ನೂ ಬಿಟ್ಟೆವು. ಆಕೆಯ ಕೈ ಕೂಡಲು ಒಂದೂವರೆ ತಿಂಗಳು ಹಿಡಿಯಿತು.

ಐದಕ್ಕೆ ಎರಡೂವರೆ ಸ್ಟಾರ್. ಅಷ್ಟೂ ಜಿಡ್ಡು ತೆಗೆದದ್ದಕ್ಕೆ.