ಶುಗರ್ ಇರುವವರ ಎಂಸಿಆರ್ ಚಪ್ಪಲಿ: ಕಲಬುರಗಿ ಬಿಸಿಲಿಗೆ ಬಾಳುತ್ತದಾ?

ಪಾದದ ಸ್ಪರ್ಶ ಕಡಿಮೆಯಾದವರು ಹಾಕುವ ಈ ಮೆತ್ತನೆ ರಬ್ಬರ್ ಚಪ್ಪಲಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಚಂದ ನೋಡಿ ಕೊಡುವುದಾದರೆ ಒಂದೂ ಇಲ್ಲ. ದಪ್ಪ ಅಟ್ಟೆ, ಅಗಲ ಕಪ್ಪು ಪಟ್ಟಿ, ಹಿಮ್ಮಡಿ ಹಿಂದೆ ಇನ್ನೊಂದು ಪಟ್ಟಿ. ನಮ್ಮ ಅತ್ತೆ ನೋಡಿದವರೇ "ಇದೇನವ್ವಾ, ಪೊಲೀಸರು ಹಾಕ್ಕೊಳ್ಳೋದು ತಂದೀದಿ?" ಅಂದರು.

ಚೈನಿಗೋ ಶೋಕಿಗೋ ತಂದದ್ದಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಅತ್ತೆ ಮಧ್ಯಾಹ್ನದ ಹೊತ್ತು ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಡೆದಿದ್ದರು. ಅಂಗಾಲು ಸುಟ್ಟು ಗುಳ್ಳೆ ಎದ್ದಿತ್ತು. ಹಳೇ ಶುಗರ್ ಅಲ್ವಾ, ಪಾದಕ್ಕೆ ಸ್ಪರ್ಶವೇ ಕಡಿಮೆ. ನೋವಾಗಲಿಲ್ಲ, ಹೇಳಲೂ ಇಲ್ಲ. ಆಮೇಲೆ ಚಳಿ ಜ್ವರ ಬಂತು. ಕೆಂಪು ಮೀನಖಂಡದವರೆಗೆ ಏರಿತ್ತು. ಅಡ್ಮಿಟ್ ಮಾಡಿದೆವು. ರಕ್ತದಲ್ಲಿ ಯಾವ ರೋಗಾಣು ಬೆಳೆಯುತ್ತದೆ ಅಂತ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಬಂದದ್ದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ.

ಆ ಹೆಸರು ಕೇಳಿ ನಾದಿನಿಗೆ ಆಶ್ಚರ್ಯ. ಅವಳು ನರ್ಸ್. ಹೆರಿಗೆ ಹೊತ್ತಲ್ಲಿ ತಾಯಿಯಿಂದ ಕೂಸಿಗೆ ಹತ್ತುವ ರೋಗಾಣು ಅಂತಲೇ ಅವಳು ಓದಿದ್ದು. ಡಾಕ್ಟರು ಬಿಡಿಸಿ ಹೇಳಿದರು. ಇದು ಎಷ್ಟೋ ಮಂದಿಯ ಕರುಳಲ್ಲಿ ಸುಮ್ನೆ ಇರುತ್ತದೆ, ಏನೂ ಮಾಡುವುದಿಲ್ಲ. ಶುಗರ್ ಇದ್ದವರು, 65 ದಾಟಿದವರು, ಲಿವರ್ ಕೆಟ್ಟವರು, ಕ್ಯಾನ್ಸರ್ ಇದ್ದವರು, ಮೈ ಜಾಸ್ತಿ ಇರುವವರು, ಹೆಚ್ಚಾಗಿ ಇಂಥವರಲ್ಲಿ ಚರ್ಮದ ಗಾಯದಿಂದ ರಕ್ತಕ್ಕೆ ಇಳಿಯುವುದುಂಟು. ಕೆಲವರಲ್ಲಿ ಗಾಯವೇ ಕಾಣುವುದಿಲ್ಲ, ರಕ್ತದಲ್ಲಿ ಮಾತ್ರ ಸಿಗುತ್ತದೆ. ಮೂಳೆ, ಕೀಲು, ಹೃದಯದ ಕವಾಟಕ್ಕೂ ಹೋಗಬಹುದು. ಅದಕ್ಕೇ ಎಂಆರ್‌ಐ ಮಾಡಿಸಿದರು. ಪುಣ್ಯಕ್ಕೆ ಮೂಳೆ ಚೆನ್ನಾಗಿತ್ತು. ಇಲ್ಲದಿದ್ದರೆ ವಾರಗಟ್ಟಲೆ ಇಂಜೆಕ್ಷನ್.

ಔಷಧಿ ಮಾತ್ರ ಹಳೇ ಪೆನಿಸಿಲಿನ್ನೇ. ಅದಕ್ಕೆ ಈ ರೋಗಾಣು ಇನ್ನೂ ಬಗ್ಗುತ್ತದೆ. ಪೆನಿಸಿಲಿನ್ ಆಗದವರಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಿಂಡಾಮೈಸಿನ್‌ಗೆ ಎಷ್ಟೋ ಸಲ ಬಗ್ಗುವುದಿಲ್ಲವಂತೆ. ಲಸಿಕೆ ಇನ್ನೂ ಬಂದಿಲ್ಲ. ಕೆಲವರಿಗೆ ತಿರುಗಿ ಬರುತ್ತದೆ ಅಂತಲೂ ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ 'ಎಂಸಿಆರ್ ಚಪ್ಪಲಿ' ಅಂತ ಬರೆದುಕೊಟ್ಟರು.

ಎಂಸಿಆರ್ ಅಂದರೆ ಮೈಕ್ರೋಸೆಲ್ಯುಲರ್ ರಬ್ಬರ್. ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಮೊದಲಿನಿಂದ ಕೊಡುತ್ತಿದ್ದದ್ದು ಇದನ್ನೇ. ಒಳಗಿನ ಪದರ ಮೆತ್ತಗೆ, ಕೆಳಗಿನ ಅಟ್ಟೆ ಗಟ್ಟಿ. ಭಾರ ಪಾದದ ತುಂಬ ಹಂಚಿ ಹೋಗುತ್ತದೆ, ಒಂದೇ ಕಡೆ ಒತ್ತುವುದಿಲ್ಲ. ಮುಳ್ಳು, ಜಲ್ಲಿ ಒಳಗೆ ಬರುವುದಿಲ್ಲ. ಒಳ್ಳೆಯದರಲ್ಲಿ ಮೊಳೆ ಇರಬಾರದು, ಎಲ್ಲ ಅಂಟಿಸಿ ಹೊಲಿದದ್ದಾಗಿರಬೇಕು. ಉಂಗುಷ್ಟವೂ ಇರಬಾರದು, ಬೆರಳ ಸಂದಿಯಲ್ಲಿ ಉಜ್ಜಿ ಅಲ್ಲೇ ಹುಣ್ಣಾಗುತ್ತದೆ.

ಮೊದಲು ಹೋದ ಅಂಗಡಿಯಲ್ಲಿ ಸಾದಾ ಫೋಮ್ ಚಪ್ಪಲಿಗೆ 'ಡಯಾಬಿಟಿಕ್' ಅಂತ ಸ್ಟಿಕ್ಕರ್ ಹಚ್ಚಿ ಕೊಡಲು ನೋಡಿದರು. ಹೆಬ್ಬೆರಳಿನಿಂದ ಒತ್ತಿದೆ, ಕಲ್ಲು. ವಾಪಸ್ ಬಂದೆ. ಆಮೇಲೆ ಪಾದದ ಅಳತೆ ತೆಗೆದು ಮಾಡಿಕೊಡುವವರ ಹತ್ತಿರ 850 ರೂಪಾಯಿಗೆ ಮಾಡಿಸಿದೆವು. ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಎರಡೂ ಪಾದ ಗೀಚಿಕೊಂಡರು. ಎರಡೂ ಒಂದೇ ಅಳತೆ ಇರಲಿಲ್ಲ!

ಹೊಸತರಲ್ಲಿ ಅರ್ಧ ಗಂಟೆ ಹಾಕಿಸಿ, ತೆಗೆದು, ಎಲ್ಲಾದರೂ ಕೆಂಪಾಗಿದೆಯಾ ಅಂತ ನೋಡುತ್ತಿದ್ದೆ. ಈಗಲೂ ಹಾಕುವ ಮೊದಲು ಒಳಗೆ ಕೈಯಾಡಿಸುತ್ತೇನೆ. ರಾತ್ರಿ ಅಂಗಾಲಿಗೆ ಟಾರ್ಚ್ ಹಿಡಿಯುತ್ತೇನೆ. ಸುಟ್ಟ ಜಾಗ ಮಾಗಿದೆ, ಹೊಸ ಗುಳ್ಳೆ ಎದ್ದಿಲ್ಲ.

ಒಂದು ಅಂಕ ಕಡಿದದ್ದು ವೆಲ್ಕ್ರೋಗೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ಹೊಕ್ಕರೆ ಹಿಡಿಯುವುದೇ ಇಲ್ಲ. ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಬೇಕು. ಬೇಸಿಗೆಯಲ್ಲಿ ಪಾದ ಬೆವರಿ ಜಾರುತ್ತದೆ, ಹತ್ತಿ ಸಾಕ್ಸ್ ಬೇಕೇ ಬೇಕು. ರಬ್ಬರ್ ಕೂಡ ಮೆಲ್ಲಗೆ ಚಪ್ಪಟೆಯಾಗುತ್ತದೆ. ಆಗ ಚಪ್ಪಲಿ ಹರಿಯದಿದ್ದರೂ ಹೊಸದು ಮಾಡಿಸಬೇಕು.

ಮನೆಯೊಳಗೆ ಹಾಕಿಸುವುದೇ ದೊಡ್ಡ ಜಗಳ. "ದೇವರ ಮನ್ಯಾಗ ಚಪ್ಪಲಿ ಮೆಟ್ಟಲೇನು?" ಅಂತ ಅತ್ತೆ. ಒಳಗಿಗೇ ಅಂತ ಇನ್ನೊಂದು ಜೋಡಿ ಮಾಡಿಸಿದೆ, ಅದು ಹೊಸ್ತಿಲು ದಾಟುವುದಿಲ್ಲ. ಅಡುಗೆಮನೆವರೆಗೆ ಒಪ್ಪಿದ್ದಾರೆ. ದೇವರ ಮನೆಗೂ ಗುಡಿಗೂ ದಪ್ಪ ಸಾಕ್ಸ್. ಗುಡಿಗೆ ಹೋಗುವುದಾದರೆ ಬೆಳಗಿನ ಜಾವ ಮಾತ್ರ, ಕಲ್ಲು ಕಾಯುವ ಮೊದಲು.