ಪ್ರಬಂಧ ತಿದ್ದಿಸಿಕೊಂಡೆ: ಕತ್ತರಿಗೆ ಪೂರ್ಣ ಅಂಕ, ಇಸ್ತ್ರಿಗೆ ಅರ್ಧ

ನೆನೆಸಿಟ್ಟ ಬೀಜಗಳು ಉಪ್ಪುನೀರನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದರ ಬಗ್ಗೆ ನಾನು ಬರೆದ ಸಂಶೋಧನಾ ಪ್ರಬಂಧ ವಿಮರ್ಶಕರ ಕೈಗೂ ಹೋಗದೆ ಹಿಂದಿರುಗಿತು. ನಿಯತಕಾಲಿಕೆಯ ಸಂಪಾದಕರ ಪತ್ರದಲ್ಲಿ ಇದ್ದದ್ದು ಒಂದೇ ದೂರು: ನಿಮ್ಮ ಮುಖ್ಯ ಶೋಧ ಯಾವುದೆಂದು ತಿಳಿಯಲಿಲ್ಲ. ಎರಡು ವರ್ಷ ಪೆಟ್ರಿ ತಟ್ಟೆಗಳ ಮುಂದೆ ಕೂತು ಮೊಳಕೆ ಎಣಿಸಿದವನಿಗೆ ಹೇಳುವ ಮಾತೇ ಇದು? ಅದೇ ಸಿಟ್ಟಿನಲ್ಲಿ, ಅಂತರಜಾಲದ ಮೂಲಕ ಕೆಲಸ ಮಾಡುವ ಒಂದು ಪ್ರಬಂಧ ಸಂಪಾದನಾ ಸೇವೆಗೆ ಹಣ ಕಟ್ಟಿದೆ. ಸೇವೆಯ ಹೆಸರು ಬರೆಯುವುದಿಲ್ಲ. ಇಂಥವು ಹಲವಾರಿವೆ, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದಷ್ಟೇ ನನ್ನ ವಿಷಯ.

ಎರಡು ಹಂತಗಳಿದ್ದವು. ಮೊದಲು ರಚನೆಯ ಪರಿಶೀಲನೆ, ಆಮೇಲೆ ಭಾಷೆಯ ಪರಿಷ್ಕರಣೆ. ಹತ್ತು ದಿನ ಎಂದಿದ್ದವರು ಎಂಟನೆಯ ದಿನವೇ ಕಡತ ಕಳುಹಿಸಿದರು. ತೆರೆದರೆ ಒಂದು ವಾಕ್ಯವನ್ನೂ ತಿದ್ದಿರಲಿಲ್ಲ! ಮೋಸ ಹೋದೆ ಎಂದುಕೊಂಡೆ. ಆದರೆ ಪ್ರತಿ ಪ್ಯಾರಾದ ಎದುರು, ಅಂಚಿನಲ್ಲಿ, ಅದು ಏನು ಹೇಳುತ್ತಿದೆ ಎಂದು ಒಂದೊಂದು ಸಾಲು ಬರೆದಿತ್ತು. ಬರೆದು ಮುಗಿಸಿದ ಮೇಲೆ ಸಾರ ತೆಗೆಯುವ ಈ ಕ್ರಮಕ್ಕೆ ಹಿಮ್ಮುಖ ರೂಪರೇಷೆ ಎನ್ನಬಹುದು. ಆ ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಓದಿಕೊಂಡಾಗ ನನ್ನ ಮುಖ ಸಣ್ಣದಾಯಿತು. ಪೀಠಿಕೆಯ ಒಂಬತ್ತು ಪ್ಯಾರಾಗಳಲ್ಲಿ ನಾಲ್ಕರ ಎದುರು ಇದ್ದದ್ದು ಒಂದೇ ಮಾತು: ‘ಲವಣಾಂಶ ಬೆಳೆಗೆ ಹಾನಿಕರ’. ಎರಡರ ಎದುರು ಬರೀ ಪ್ರಶ್ನಾರ್ಥಕ ಚಿಹ್ನೆ. ನೆನೆಸಿದರೆ ಲಾಭವಿದೆಯೇ ಎಂಬ ನನ್ನ ನಿಜವಾದ ಪ್ರಶ್ನೆ ಮೊದಲ ಬಾರಿಗೆ ತಲೆ ಎತ್ತಿದ್ದು ಫಲಿತಾಂಶ ಭಾಗದ ಎರಡನೆಯ ಪುಟದಲ್ಲಿ. ನಿಯತಕಾಲಿಕೆಯ ಸಂಪಾದಕರು ಅಷ್ಟು ದೂರ ಓದಿರಲಿಕ್ಕಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಓದುತ್ತಿರಲಿಲ್ಲ.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಕೋಣೆಗಳ ಮನೆಯನ್ನು ಅಮೆರಿಕದ ಮಾನಕ ಸಂಸ್ಥೆ 1972ರಲ್ಲೇ ಅಧಿಕೃತ ಮಾದರಿ ಮಾಡಿತ್ತು. ಬಾಗಿಲಿನ ಫಲಕಗಳನ್ನೇನೋ ನಾನೂ ಸರಿಯಾಗಿಯೇ ತೂಗುಹಾಕಿದ್ದೆ. ಒಳಗೆ ಮಾತ್ರ ಅಡುಗೆಮನೆಯಲ್ಲಿ ಮಂಚ: ಫಲಿತಾಂಶದೊಳಗೆ ವ್ಯಾಖ್ಯಾನ, ಚರ್ಚೆಯೊಳಗೆ ಮತ್ತೆ ಅದೇ ಅಂಕಿಗಳು, ವಿಧಾನದಲ್ಲಿ ಹೇಳಬೇಕಾದ ತಾಪಮಾನ ಚಿತ್ರದ ಅಡಿಬರಹದಲ್ಲಿ. ಎರಡನೆಯ ಕೋಷ್ಟಕ ಹೇಳಿದ್ದನ್ನೇ ಮೂರನೆಯ ಚಿತ್ರವೂ ಹೇಳುತ್ತಿದೆ, ಒಂದನ್ನು ತೆಗೆಯಿರಿ ಎಂದಿದ್ದರು. ತೆಗೆದೆ. 7,800 ಪದಗಳಿದ್ದ ಪ್ರಬಂಧ 5,900ಕ್ಕೆ ಇಳಿಯಿತು.

ಕೊಟ್ಟ ಹಣ ಸಾರ್ಥಕವಾಯಿತು ಅನ್ನಿಸಿದ್ದು ವಿಧಾನ ಭಾಗದ ಒಂದು ಟಿಪ್ಪಣಿ ಓದಿದಾಗ. ‘ಪ್ರತಿ ಉಪಚಾರಕ್ಕೆ, ಅಂದರೆ ಹೋಲಿಸುವ ಪ್ರತಿ ಸ್ಥಿತಿಗೆ, ನಾಲ್ಕು ತಟ್ಟೆ, ತಟ್ಟೆಗೆ 25 ಬೀಜ ಎಂದಿದ್ದೀರಿ. ನಿಮ್ಮ ಲೆಕ್ಕದ ಘಟಕ ಬೀಜವೋ, ತಟ್ಟೆಯೋ?’ ನಾನು ಬೀಜವನ್ನೇ ಹಿಡಿದು ನೂರು ಮಾದರಿ ಎಂದು ಎಣಿಸಿದ್ದೆ. ಒಂದೇ ತಟ್ಟೆಯ ಬೀಜಗಳು ಒಂದೇ ನೀರು ಕುಡಿದು ಒಂದೇ ಬಿಸಿಯಲ್ಲಿ ಕೂತಿರುತ್ತವೆ. ಅವು ಪರಸ್ಪರ ಸ್ವತಂತ್ರವಲ್ಲ. ತಟ್ಟೆಯನ್ನು ಘಟಕ ಮಾಡಿ ವಿಶ್ಲೇಷಣೆಯನ್ನು ಒಂದು ವಾರ ಮತ್ತೆ ಮಾಡಿದೆ. ನೂರು ಮಿಲಿಮೋಲಾರ್ ಸಾಂದ್ರತೆಯ ಉಪ್ಪುನೀರಿನಲ್ಲಿ ನೆನೆಸಿದ್ದರ ಪರಿಣಾಮ ಉಳಿಯಿತು, ಇನ್ನೂರರಲ್ಲಿ ಅಳಿಸಿಹೋಯಿತು. ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಎಂದು ತೋರಿಸಲು ಚಿತ್ರದ ಮೇಲೆ ಹಾಕಿದ್ದ ಒಂದು ನಕ್ಷತ್ರ ಚಿಹ್ನೆಯನ್ನು ಕೈಯಾರೆ ತೆಗೆಯುವಾಗ ಆದ ಸಂಕಟ ಬೇರೆ ಮಾತು.

ಎರಡನೆಯ ಹಂತ ಬೇರೊಬ್ಬರ ಕೈಯದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಉದ್ದನೆಯ ವಾಕ್ಯಗಳನ್ನು ಚೆನ್ನಾಗಿ ತುಂಡರಿಸಿದ್ದಾರೆ, ವಿಧಾನವನ್ನೆಲ್ಲ ಭೂತಕಾಲಕ್ಕೆ ತಂದಿದ್ದಾರೆ, ಪಿ ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.000 ಎಂದು ನಾನು ಬರೆದಿದ್ದನ್ನು ‘0.001ಕ್ಕಿಂತ ಕಡಿಮೆ’ ಎಂದು ಮಾಡಿದ್ದಾರೆ. ಸರಿ. ಆದರೆ ಇಸ್ತ್ರಿ ಹಾಕುವ ಭರದಲ್ಲಿ ಬಟ್ಟೆಯನ್ನೇ ಸುಟ್ಟಿದ್ದಾರೆ. ‘ಸೂಚಿಸುತ್ತದೆ’ ಎಂದಿದ್ದದ್ದು ಮೂರು ಕಡೆ ‘ಸಾಬೀತುಪಡಿಸುತ್ತದೆ’ ಆಗಿದೆ. ಮೊಳಕೆಯ ಪ್ರಮಾಣ ಬೇರೆ, ಮೊಳಕೆಯ ವೇಗ ಬೇರೆ: ಎಷ್ಟು ಬೀಜ ಒಡೆದವು ಎಂಬುದು ಒಂದು, ಎಷ್ಟು ಬೇಗ ಒಡೆದವು ಎಂಬುದು ಇನ್ನೊಂದು. ಒಂದೇ ಪದ ಪದೇಪದೇ ಬರಬಾರದೆಂದು ಇವರು ಎರಡನ್ನೂ ಅದಲುಬದಲು ಬಳಸಿದ್ದಾರೆ. ಕಥೆಗಾರನ ಚಿಂತೆಯನ್ನು ವಿಜ್ಞಾನದ ಬರಹಕ್ಕೆ ತಂದರೆ ಹೀಗೆಯೇ ಆಗುವುದು. ಬದಲಾವಣೆಗಳನ್ನು ಒಂದೇ ಗುಂಡಿ ಒತ್ತಿ ಒಪ್ಪಿಕೊಂಡಿದ್ದರೆ, ನಾನು ಅಳೆಯದೇ ಇದ್ದದ್ದನ್ನು ಅಳೆದೆ ಎಂದು ಹೇಳಿದಂತಾಗುತ್ತಿತ್ತು.

ದೂರು ಬರೆದೆ. ಮೂರು ದಿನದಲ್ಲಿ ವಿನಯದ ಉತ್ತರ ಬಂತು, ತಿದ್ದಿದ ಕಡತವೂ ಬಂತು. ಎರಡು ಕಡೆ ತಪ್ಪು ಹಾಗೆಯೇ ಇತ್ತು, ನಾನೇ ಸರಿಮಾಡಿಕೊಂಡೆ. ಜೊತೆಗೆ ಭಾಷೆ ಪರಿಶೀಲಿಸಲಾಗಿದೆ ಎಂಬ ಅಂಚುಕಟ್ಟಿನ ಪ್ರಮಾಣಪತ್ರವೊಂದನ್ನೂ ಕಳುಹಿಸಿದ್ದಾರೆ. ಅದನ್ನು ಯಾರೂ ಕೇಳಲಿಲ್ಲ.

ಮುಂದಿನ ಪ್ರಬಂಧಕ್ಕೆ ಮೊದಲ ಹಂತವನ್ನು ಮಾತ್ರ ಕೊಳ್ಳುತ್ತೇನೆ. ಅದಕ್ಕೂ ಮುಂಚೆ ಅಂಚಿನ ಸಾಲುಗಳನ್ನು ನಾನೇ ಬರೆದು ನೋಡುವವನಿದ್ದೇನೆ. ಈ ಪ್ರಬಂಧವನ್ನು ಬೇರೊಂದು ನಿಯತಕಾಲಿಕೆಗೆ ಕಳುಹಿಸಿ ಐದು ವಾರವಾಯಿತು. ‘ವಿಮರ್ಶಕರ ಬಳಿ ಇದೆ’ ಎಂದು ತೋರಿಸುತ್ತಿದೆ.